ಓಲೆಯ ಪಾಠ, ಸಂಪಾದಕನ ಮಾತು: ಮಾರ್ಕಪ್ ಭಾಷೆಗಳ ವಿಮರ್ಶೆ

ಓಲೆಗರಿಯ ಪ್ರತಿಗಳನ್ನು ಪರಿಶೀಲಿಸಿದವರಿಗೆ ಲಿಪಿಕಾರನ ಸಂಕೇತಗಳು ಅಪರಿಚಿತವಲ್ಲ. ಬಿಟ್ಟುಹೋದ ಅಕ್ಷರವನ್ನು ಸೂಚಿಸುವ ಹಂಸಪಾದ, ತಪ್ಪಿದ ಅಕ್ಷರದ ಮೇಲೆ ಎಳೆದ ಗೀಟು, ಪದ್ಯಾಂತ್ಯದ ದಂಡ, ಗರಿಯ ಅಂಚಿನಲ್ಲಿ ಬರೆದ ಅಂಕಿ ಇವು ಯಾವುವೂ ಗ್ರಂಥಕರ್ತೃವಿನ ಮಾತುಗಳಲ್ಲ. ಗ್ರಂಥವನ್ನು ಕುರಿತು ಲಿಪಿಕಾರನು ಓದುಗನಿಗೆ ಹೇಳಿದ ಮಾತುಗಳು. ಗಣಕಯಂತ್ರದ ವ್ಯವಹಾರದಲ್ಲಿ ಮಾರ್ಕಪ್ ಭಾಷೆ ಎಂದು ಕರೆಯಲಾಗುತ್ತಿರುವುದೂ ತತ್ತ್ವತಃ ಇಂತಹುದೇ. ಪಾಠದ ನಡುನಡುವೆ ಟ್ಯಾಗ್ ಎಂಬ ಗುರುತುಗಳನ್ನಿರಿಸಿ, ಇದು ಪದ್ಯ, ಇದು ಗದ್ಯ, ಇದು ಅಳಿದುಹೋದದ್ದು, ಇದು ಸಂಪಾದಕನು ಊಹಿಸಿ ತುಂಬಿದ್ದು ಎಂದು ಬೇರ್ಪಡಿಸಿ ಹೇಳುವ ಕ್ರಮವದು. ಹಸ್ತಪ್ರತಿಶಾಸ್ತ್ರಕ್ಕೆ ಇದರಿಂದ ಆಗುವ ಪ್ರಯೋಜನವೇನು, ಇದರ ದೋಷಗಳೇನು ಎಂಬುದು ಇಲ್ಲಿ ವಿಚಾರಣೀಯ.

ಈ ಕ್ರಮದ ಉಗಮ ಗ್ರಂಥಸಂಪಾದನೆಯಲ್ಲಿ ಆದದ್ದಲ್ಲ. 1969ರಲ್ಲಿ ಐಬಿಎಂ ಸಂಸ್ಥೆಯಲ್ಲಿ ಕಡತಗಳ ವ್ಯವಸ್ಥೆಗಾಗಿ ರೂಪುಗೊಳ್ಳತೊಡಗಿದ ಜಿಎಂಎಲ್ ಇದಕ್ಕೆ ಮೂಲ. ಅದರಿಂದ ಬೆಳೆದ ಎಸ್‌ಜಿಎಂಎಲ್ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ಸರಳರೂಪವಾದ ಎಕ್ಸ್‌ಎಂಎಲ್ 1998ರಲ್ಲಿ ಅಂಗೀಕೃತವಾಯಿತು. ಉದ್ದೇಶಭೇದದಿಂದ ಭಾಷಾಭೇದವೂ ಉಂಟಾಗಿದೆ. ಡೊನಾಲ್ಡ್ ಕ್ನೂತ್ 1978ರಲ್ಲಿ ಹೊರತಂದ ಟೆಕ್ ಮುದ್ರಣದ ಅಂದಕ್ಕಾಗಿ, ಎಚ್‌ಟಿಎಂಎಲ್ ಅಂತರಜಾಲದ ಪುಟಪ್ರದರ್ಶನಕ್ಕಾಗಿ, 2004ರ ಮಾರ್ಕ್‌ಡೌನ್ ಸುಲಭ ಬರವಣಿಗೆಗಾಗಿ ಹುಟ್ಟಿದವು. ಪಾಠಗಳ ವಿದ್ವತ್ಪೂರ್ಣ ಅಧ್ಯಯನಕ್ಕೆಂದೇ ಹುಟ್ಟಿದ್ದು ಟಿಇಐ. 1987ರಲ್ಲಿ ಅಮೆರಿಕದ ವಾಸರ್ ಕಾಲೇಜಿನಲ್ಲಿ ನಡೆದ ವಿದ್ವಾಂಸರ ಸಭೆಯಿಂದ ಆರಂಭವಾದ ಈ ಕಾರ್ಯದ ಐದನೆಯ ಪರಿಷ್ಕರಣ 2007ರಲ್ಲಿ ಹೊರಬಂದಿತು. ಶಾಸನಗಳಿಗಾಗಿ ಇದರದೇ ಶಾಖೆಯಾಗಿ ಎಪಿಡಾಕ್ ಬೆಳೆದಿದೆ. ಇವೆಲ್ಲದರ ನಿಯಮಗಳು ಬಹಿರಂಗವಾಗಿವೆ. ಬಳಸುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಈ ಬಹಿರಂಗತೆ ಸಣ್ಣ ಗುಣವಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಕನ್ನಡದ ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತಕ್ರಮವನ್ನು ಹೊಂದಿತ್ತು. ಆಗ ಬೆರಳಚ್ಚು ಮಾಡಿಟ್ಟ ಪಾಠಗಳನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಮಾತ್ರ ಕಾಣುತ್ತದೆ. ಶತಮಾನಗಳ ಹಿಂದಿನ ಓಲೆಯನ್ನು ಓದಬಲ್ಲವರು ಮೂವತ್ತು ವರ್ಷದ ಹಿಂದಿನ ಕಡತವನ್ನು ಓದಲಾರದಂತಾಗಿರುವುದು ಶೋಚನೀಯ.

ಮುದ್ರಿತ ಆವೃತ್ತಿಗಳ ಕಷ್ಟ ಬೇರೆ ಬಗೆಯದು. ಅಲ್ಲಿ ಒಂದೇ ಆವರಣಚಿಹ್ನೆ ಒಬ್ಬ ಸಂಪಾದಕನಲ್ಲಿ ಸಂದೇಹವನ್ನೂ ಮತ್ತೊಬ್ಬನಲ್ಲಿ ಪೂರಣವನ್ನೂ ಸೂಚಿಸುತ್ತದೆ. ಓರೆಯಕ್ಷರ ಒಮ್ಮೆ ಪ್ರಾಕೃತ ಉದ್ಧರಣ, ಒಮ್ಮೆ ಗ್ರಂಥನಾಮ. ಎಚ್‌ಟಿಎಂಎಲ್, ಮಾರ್ಕ್‌ಡೌನ್‌ಗಳನ್ನು ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಈ ದೋಷ ಹಾಗೆಯೇ ಉಳಿಯುತ್ತದೆ. ಅಕ್ಷರ ಹೇಗೆ ಕಾಣಬೇಕೆಂಬುದನ್ನು ಅವು ಹೇಳುತ್ತವೆಯೇ ಹೊರತು ಏಕೆ ಹಾಗೆ ಕಾಣಬೇಕೆಂಬುದನ್ನು ಹೇಳುವುದಿಲ್ಲ. ಟಿಇಐಯಲ್ಲಿ ಕಾರಣಕ್ಕೇ ಗುರುತು. ಒಂದು ಶಬ್ದ ಯಾವ ವಿವಕ್ಷೆಯಿಂದ ಬಂದಿದೆ ಎಂಬುದನ್ನು ನಾಮ, ಸ್ಥಾಪನಾ, ದ್ರವ್ಯ, ಭಾವಗಳೆಂದು ಮೊದಲೇ ನಿಶ್ಚಯಿಸುವ ನಿಕ್ಷೇಪಕ್ರಮವನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ.

ರಾಯಚೂರು ಸೀಮೆಯ ಆಕರಗಳಿಗೆ ಇದನ್ನು ಅನ್ವಯಿಸಿ ನೋಡಿದರೆ ಬೆಲೆ ಸ್ಪಷ್ಟವಾಗುತ್ತದೆ. ಧರ್ಮಶಾಸನಗಳ ‘ದೇವಾನಾಂಪ್ರಿಯ’ನನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಮೊದಲು ಸಿಂಹಳದ ಅರಸನೆಂದು ಭಾವಿಸಿ, ಬಳಿಕ ಟರ್ನರ್ ತೋರಿಸಿದ ಆಧಾರದಿಂದ ಅಶೋಕನೆಂದು ಒಪ್ಪಿದರು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಮಾತ್ರ ಬಿರುದಿನೊಡನೆ ಅಶೋಕನ ಹೆಸರೇ ಮೊದಲಬಾರಿಗೆ ದೊರೆಯಿತು. ಎಂದರೆ ಬಿರುದು ಮಾತ್ರ ಇರುವ ಶಾಸನಗಳಲ್ಲಿ ಅದು ವಿದ್ವಾಂಸರ ನಿರ್ಣಯ, ಮಸ್ಕಿಯಲ್ಲಿ ಬಂಡೆಯ ಮಾತು. ಎರಡಕ್ಕೂ ಒಂದೇ ಹೆಸರನ್ನು ಬರೆದಿಟ್ಟರೆ ಈ ಭೇದ ಅಳಿಯುತ್ತದೆ. ನಿರ್ಣಯಕ್ಕೆ ಹೊಣೆ ಯಾರು, ನಿಶ್ಚಯ ಎಷ್ಟು ಎಂಬುದನ್ನೂ ಟ್ಯಾಗಿನಲ್ಲಿ ದಾಖಲಿಸಿದರೆ ಉಳಿಯುತ್ತದೆ.

ರಾಯಚೂರು ನಗರದ ಕೋಟೆಯ 1294ರ ಶಾಸನ ತೆಲುಗಿನಲ್ಲಿದೆ. ಜೊತೆಗೆ ಆ ಬೃಹತ್ ಶಿಲೆಯನ್ನು ಬಂಡಿಯಲ್ಲಿ ಸಾಗಿಸಿದ ರೇಖಾಚಿತ್ರವೂ ಇದೆ. ಅದೇ ಕೋಟೆಯಲ್ಲಿ ಅರಬ್ಬೀ, ಪಾರ್ಸಿ ಬರಹಗಳೂ ಇವೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಉಳಿದಿವೆ. ಆ ಕಾಲದ ದಾನಶಾಸನಗಳಲ್ಲಿ ಕನ್ನಡ ಗದ್ಯ, ಕಂದವೃತ್ತಗಳು, ಕೊನೆಗೆ ಸಂಸ್ಕೃತದ ಶಾಪಶ್ಲೋಕ ಒಂದೇ ಕಲ್ಲಿನಲ್ಲಿ ಬರುವುದು ಸಾಮಾನ್ಯ. ಭಾಷೆ, ಲಿಪಿ, ಛಂದಸ್ಸುಗಳನ್ನು ಬೇರೆಬೇರೆಯಾಗಿ ಗುರುತಿಸದೆ ಇಂತಹ ಪಾಠದ ಸೂಚಿಯನ್ನು ಸಿದ್ಧಪಡಿಸುವುದು ಅಶಕ್ಯ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದ ಫಲಶ್ರುತಿಯ ಸಂಧಿ ಅವರ ಶಿಷ್ಯ ಶ್ರೀದವಿಠಲರದೆಂದು ಪರಂಪರೆ ಹೇಳುತ್ತದೆ. ಸಂಧಿಗಳ ಎಣಿಕೆಗೆ ಮೊದಲು ಕರ್ತೃಭೇದವನ್ನು ಗುರುತಿಸಬೇಕಾದುದು ಸಂಪಾದಕನ ಕರ್ತವ್ಯ. ಸ್ಥಳನಿರ್ದೇಶದಲ್ಲಿಯೂ ಎಚ್ಚರ ಬೇಕು. ಪಿ. ಬಿ. ದೇಸಾಯಿಯವರು ದಕ್ಷಿಣದ ಜೈನಧರ್ಮವನ್ನೂ ಜೈನಶಾಸನಗಳನ್ನೂ ಕುರಿತ ಗ್ರಂಥವನ್ನು 1957ರಲ್ಲಿ ಪ್ರಕಟಿಸಿದಾಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಬೇರೆ ಜಿಲ್ಲೆಯಾಯಿತು. ಕಾಲವನ್ನು ಹೇಳದ ಸ್ಥಳನಾಮ ಮುಂದಿನ ಸಂಶೋಧಕನನ್ನು ದಾರಿ ತಪ್ಪಿಸುತ್ತದೆ.

ಗುಣಗಳು ಇಷ್ಟಿದ್ದರೂ ದೋಷಗಳನ್ನು ಮರೆಮಾಚಲಾಗದು. ಮೊದಲನೆಯದು ಎಕ್ಸ್‌ಎಂಎಲ್‌ನ ಏಕವೃಕ್ಷನಿಯಮ. ಒಂದು ಘಟಕ ಮತ್ತೊಂದರೊಳಗೆ ಪೂರ್ಣವಾಗಿ ಅಡಗಬೇಕು. ಎರಡು ಘಟಕಗಳು ಒಂದನ್ನೊಂದು ಅಡ್ಡಹಾಯುವಂತಿಲ್ಲ. ಹಸ್ತಪ್ರತಿಯಲ್ಲಾದರೋ ಪದ್ಯ ಒಂದು ಗರಿಯಲ್ಲಿ ಆರಂಭವಾಗಿ ಮತ್ತೊಂದರಲ್ಲಿ ಮುಗಿಯುತ್ತದೆ. ಗ್ರಂಥದೃಷ್ಟಿಯಿಂದ ಅದು ಆಶ್ವಾಸ, ಪದ್ಯ, ಪಾದ. ವಸ್ತುದೃಷ್ಟಿಯಿಂದ ಗರಿ, ಮುಖ, ಪಂಕ್ತಿ. ಟಿಇಐ ಪದ್ಯವಿಭಾಗವನ್ನು ಪ್ರಧಾನವಾಗಿ ಹಿಡಿದು ಗರಿ ಪಂಕ್ತಿಗಳನ್ನು ಕೇವಲ ಮೈಲಿಗಲ್ಲುಗಳಂತೆ ನೆಡುವುದು ವಾಡಿಕೆ. ಇದೊಂದು ನಯ ಮಾತ್ರ, ಪ್ರಮಾಣವಲ್ಲ. ಅರ್ಪಿತವಾದುದು ಯಾವುದು, ಅನರ್ಪಿತವಾದುದು ಯಾವುದು ಎಂಬುದನ್ನು ಕಡತದ ಪೀಠಿಕಾಭಾಗದಲ್ಲಿ ಸ್ಪಷ್ಟಪಡಿಸಿದರೆ ಇದು ಸುನಯ. ಹೇಳದೆ ಬಿಟ್ಟರೆ ದುರ್ನಯ.

ಎರಡನೆಯ ದೋಷ ಕನ್ನಡ ಲಿಪಿಗೆ ಸಂಬಂಧಿಸಿದ್ದು. ಯೂನಿಕೋಡ್‌ನಲ್ಲಿ ಸಂಯುಕ್ತಾಕ್ಷರ ಹಲವು ಸಂಕೇತಗಳ ಸರಣಿ. ಗರಿಯಲ್ಲಿ ಒತ್ತು ಮಾತ್ರ ಮುರಿದು ಮೇಲಿನ ಅಕ್ಷರ ಉಳಿದಿರುವಲ್ಲಿ ಅದನ್ನು ತೋರಿಸಲು ನಡುವೆ ಟ್ಯಾಗ್ ಇಟ್ಟರೆ ತೆರೆಯ ಮೇಲೆ ಅಕ್ಷರವೇ ಒಡೆದುಹೋಗುತ್ತದೆ. ಹಳಗನ್ನಡದ ೞಕಾರಕ್ಕೆ ಆ ಮಾನಕದಲ್ಲಿ ‘ಫ’ ಎಂಬ ತಪ್ಪುಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಮಾನಕವನ್ನು ರೂಪಿಸುವಾಗ ಲಿಪಿಜ್ಞರು ದೂರವಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎಲ್ಲಕ್ಕಿಂತ ಗಂಭೀರವಾದ ದೋಷ ಬಳಸುವವರದು. ಪ್ರಾಚೀನ ಓಲೆಪ್ರತಿಗಳಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಸಾಮಾನ್ಯವಾಗಿ ಲಿಪಿಭೇದವಿಲ್ಲ, ಪದಚ್ಛೇದವೂ ಇಲ್ಲ. ಮುದ್ರಿತ ಪಾಠದ ಪ್ರತಿಯೊಂದು ಏಕಾರವೂ ಪದಗಳ ನಡುವಿನ ಪ್ರತಿಯೊಂದು ತೆರಪೂ ಸಂಪಾದಕನ ತೀರ್ಮಾನ. ಛಂದಸ್ಸಿನ ಬಲ ಪದ್ಯದಲ್ಲಿ ಇದೆ. ಗದ್ಯದಲ್ಲಿ ಅದೂ ಇಲ್ಲ. ಮುದ್ರಿತ ಆವೃತ್ತಿಯನ್ನೇ ಬೆರಳಚ್ಚಿಸಿ ಟ್ಯಾಗ್ ಹಾಕಿ ‘ಮೂಲಪಾಠ’ವೆಂದು ಹರಡಿದರೆ ಊಹೆಗೆ ಓಲೆಯ ಅಧಿಕಾರ ಬರುತ್ತದೆ. ಓಲೆ ಹುಳುವಿಗೆ ತುತ್ತಾದ ಮೇಲೆ ಇದನ್ನು ತಿದ್ದಲು ಆಧಾರವೇ ಇರುವುದಿಲ್ಲ. ಆದುದರಿಂದ ಓಲೆಯಲ್ಲಿದ್ದಂತೆ ಬರೆದ ರೂಪ, ಸಂಪಾದಕನು ಕ್ರಮಪಡಿಸಿದ ರೂಪ ಎರಡನ್ನೂ ಜೋಡಿಯಾಗಿ ಇಡಲು ಟಿಇಐ ಕೊಟ್ಟಿರುವ ಅವಕಾಶವನ್ನು ಕನ್ನಡ ಸಂಪಾದಕರು ಐಚ್ಛಿಕವೆಂದು ಭಾವಿಸದೆ ನಿಯತವೆಂದೇ ಪಾಲಿಸಬೇಕು.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನ ಜೈನರಿಗೆ ಆದರ್ಶ. ಮುಕ್ತವಾದ ಕಡತ ಕ್ಷಣಮಾತ್ರದಲ್ಲಿ ಸಾವಿರ ಪ್ರತಿಯಾಗಬಲ್ಲದು. ಅದರಲ್ಲಿ ಅಡಗಿದ ತಪ್ಪೂ ಸಾವಿರವಾಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳ ಶಿಲೆ ಓಲೆಗಳನ್ನು ಗಣಕಕ್ಕೆ ಏರಿಸುವ ಕೆಲಸವನ್ನು ತಂತ್ರಜ್ಞರಿಗೆ ಮಾತ್ರ ಒಪ್ಪಿಸದೆ, ಲಿಪಿ, ಛಂದಸ್ಸು, ಆಗಮಗಳನ್ನು ಬಲ್ಲ ಪಂಡಿತರು ಪ್ರತಿಯೊಂದು ಗುರುತಿನ ಹೊಣೆಯನ್ನು ತಮ್ಮ ಹೆಸರಿನಲ್ಲಿ ಹೊರುವುದು ಅವಶ್ಯ.