ನಡುವಿನ ವಯಸ್ಸಿನವರಿಗೆ ಕತೆಯಿಲ್ಲ

ನಮ್ಮ ಸಾಹಿತ್ಯದಲ್ಲಿ ಕುಡುಕರಿಗೆ ಬರವಿಲ್ಲ. ಸಾಕಿ, ಮೈಖಾನಾ, ಜಾಮ್ ಇಲ್ಲದ ಉರ್ದು ಗಜಲ್ ಸಂಕಲನ ಹುಡುಕಿದರೂ ಸಿಗದು. ಕನ್ನಡದಲ್ಲಿ ಜಿ.ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ ಇದ್ದಾನೆ. ಆದರೆ ಮೊದಲ ಸಲ ಕುಡಿದು, ಮನೆಗೆ ಹೋಗಲು ಹೆದರಿ ಗಲ್ಲಿಯ ತಿರುವಿನಲ್ಲಿ ನಿಂತ ಹದಿನಾರರ ಹುಡುಗ ಎಲ್ಲಿದ್ದಾನೆ?

ಗಜಲಿನ ಮದ್ಯ ಬಹುಪಾಲು ರೂಪಕ. ಮದ್ಯದ ಕವಿಯೆಂದೇ ಹೆಸರಾದ ರಿಯಾಜ್ ಖೈರಾಬಾದಿ ಅದನ್ನು ಮುಟ್ಟುತ್ತಿರಲಿಲ್ಲ ಎನ್ನುತ್ತಾರೆ. ರಾಜರತ್ನಂ ಕೂಡ ಕುಡಿದವರಲ್ಲ. ನಮ್ಮ ಹುಡುಗರಿಗೆ ಈ ಸಾಕಿ ತಲುಪುವುದು ಸಿನಿಮಾ ಹಾಡಿನ ಮೂಲಕ. ಅಷ್ಟರಲ್ಲಿ ರೂಪಕ ಕಳಚಿ ಬಾಟಲಿಯಷ್ಟೇ ಉಳಿದಿರುತ್ತದೆ. ಮಜಾಜ್ ಅವರ ಕುಡಿತದ ಚಟಾಕಿಗಳನ್ನು ಹೇಳಿ ನಗುತ್ತೇವೆ. 1955ರ ಡಿಸೆಂಬರ್ ಚಳಿಯಲ್ಲಿ ಲಖನೌದ ಹೆಂಡದಂಗಡಿಯ ಮಾಳಿಗೆಯ ಮೇಲೆ ಗೆಳೆಯರು ಅವರನ್ನು ಬಿಟ್ಟುಹೋದರು, 44ರ ವಯಸ್ಸಿಗೇ ಅವರು ತೀರಿಕೊಂಡರು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದೇ ವರ್ಷದ ಜನವರಿಯಲ್ಲಿ ಮಂಟೋ 42ಕ್ಕೇ ಹೋಗಿದ್ದರು. ಅವರನ್ನೂ ತಿಂದದ್ದು ಕುಡಿತವೇ.

ಕಾನೂನಿಗೂ ಈ ವಯಸ್ಸಿನ ಬಗ್ಗೆ ಗೊಂದಲ. ಕರ್ನಾಟಕದ 1965ರ ಅಬಕಾರಿ ಕಾಯ್ದೆ 18 ಎನ್ನುತ್ತದೆ, 1967ರ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ಎರಡನ್ನೂ 18 ಮಾಡಲು ಹೊರಟ ಸರಕಾರ, ವಿರೋಧ ಬಂದ ಮೇಲೆ ಹಿಂದೆ ಸರಿಯಿತು. 90 ಎಂಎಲ್ ಪ್ಯಾಕೆಟ್ಟಿಗೆ ಈ ಲೆಕ್ಕ ಬೇಕಿಲ್ಲ. ಅದು ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ.

ನಮ್ಮ ಮೊಹಲ್ಲಾಗಳಲ್ಲಿ 'ಹರಾಮ್' ಎಂಬ ಒಂದೇ ಪದಕ್ಕೆ ಮಾತು ಮುಗಿಯುತ್ತದೆ. ಹರಾಮ್ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರ್‌ಆನ್ ಆ ನಿಷೇಧಕ್ಕೆ ಹಂತಹಂತವಾಗಿ ಬಂದಿತು. ಅಲ್‌ಬಕರದಲ್ಲಿ ಪ್ರಯೋಜನಕ್ಕಿಂತ ಪಾಪ ದೊಡ್ಡದೆಂಬ ತಿಳಿವಳಿಕೆ, ಅನ್ನಿಸಾದಲ್ಲಿ ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂಬ ಎಚ್ಚರಿಕೆ, ಅಲ್‌ಮಾಇದದಲ್ಲಿ ಪೂರ್ಣ ನಿಷೇಧ. ಮನುಷ್ಯನ ಮನಸ್ಸಿಗೆ ಸಮಯ ಕೊಟ್ಟ ಆ ಕರುಣೆ ನಮ್ಮ ಮಾತಿನಲ್ಲಿಲ್ಲ. ಹುಡುಗ ಬಾಯಿಬಿಟ್ಟರೆ ಅಬ್ಬಾನ ಏಟು, ಜಮಾತಿಗೆ ತಿಳಿದರೆ ಮನೆತನದ ಮಾನ. ಹೀಗಾಗಿ ಅವನು ಎಲ್ಲವನ್ನೂ ಹೇಳಿಕೊಳ್ಳುವುದು ಕುಡಿಸಿದ ಗೆಳೆಯನ ಹತ್ತಿರವೇ.

ರಾಜರತ್ನಂ ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದರು, ದೊಡ್ಡವರಿಗೆ ರತ್ನನ ಪದ ಬರೆದರು. ಆ ಎರಡರ ನಡುವಿನ ವಯಸ್ಸು ನಮ್ಮ ಪಾಲಿಗೆ ಉಳಿದಿದೆ. ಉಪದೇಶವನ್ನು ಜುಮಾದ ಬಯಾನಿಗೆ ಬಿಟ್ಟು, ಕತೆಗಾರರು ಆ ಹುಡುಗ ಬಾಗಿಲು ತಟ್ಟುವ ಹೊತ್ತನ್ನು ಬರೆಯಲಿ. ಬಾಗಿಲು ತೆರೆದ ಅಮ್ಮಿ ವಾಸನೆ ಹಿಡಿದ ಮೇಲೆ ಏನು ಹೇಳುತ್ತಾಳೆ ಎಂಬುದರ ಮೇಲೆ ಅವನ ಮುಂದಿನ ದಿನಗಳು ನಿಂತಿವೆ.