ಕಂಬವಿಲ್ಲದ ಚಾವಣಿ, ಎಣಿಸದೆ ಬಿಟ್ಟ ಕಂಬ

ಕ್ರೀಡಾಂಗಣದ ಹೊರೆ ನೆಲ ಸೇರುವ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಪ್ರೇಕ್ಷಕರ ಭಾರ ಮೆಟ್ಟಿಲ ಹಲಗೆಗೆ, ಹಲಗೆಯಿಂದ ಓರೆ ಬೀಮಿಗೆ, ಬೀಮಿನಿಂದ ಪಿಲ್ಲರಿಗೆ, ಪಿಲ್ಲರಿನಿಂದ ಬುನಾದಿಗೆ ಇಳಿಯುತ್ತದೆ. ಕುರ್ಚಿ ಕೂರಿಸಿದ ಕಡೆ ಚದರ ಮೀಟರಿಗೆ ಸುಮಾರು 400 ಕಿಲೊ, ಕುರ್ಚಿಯಿಲ್ಲದ ಕಡೆ 500 ಕಿಲೊ ಹಿಡಿಯಬೇಕೆಂದು ಐಎಸ್ 875 ಸಂಹಿತೆ ಹೇಳುತ್ತದೆ. 1974ರ ನವೆಂಬರಿನಲ್ಲಿ ಮೊದಲ ಟೆಸ್ಟ್ ಕಂಡ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸುಮಾರು 40,000 ಜನರ ಭಾರ ಇಳಿಯುವುದೂ ಹೀಗೆಯೇ.

ಹೊಗಳಿಕೆ ಮಾತ್ರ ಈ ದಾರಿಗೆ ಸಲ್ಲುವುದಿಲ್ಲ, ಚಾವಣಿಗೆ ಸಲ್ಲುತ್ತದೆ. ಕಣ್ಣಿಗೆ ಅಡ್ಡ ಬರುವ ಕಂಬವಿಲ್ಲದ, ಹಿಂದಿನ ಆಸರೆಯಿಂದಷ್ಟೇ ಮುಂದಕ್ಕೆ ಚಾಚಿದ ಕ್ಯಾಂಟಿಲಿವರ್ ಚಾವಣಿಯೇ ಆಧುನಿಕ ಕ್ರೀಡಾಂಗಣದ ಸಾಧನೆ ಎಂಬ ಮಾತು ಅತಿಯಾಗಿ ಬೆಳೆದಿದೆ.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ಮೈದಾನದ ಕಡೆಗೆ 20 ಮೀಟರ್ ಚಾಚಿದ, 6 ಮೀಟರಿಗೊಂದರಂತೆ, ಮುಂದೊಂದು ಹಿಂದೊಂದು ಪಿಲ್ಲರಿರುವ ಚೌಕಟ್ಟು ನಿಲ್ಲಿಸಿದ ತಗಡಿನ ಚಾವಣಿ ಎಂದಿಟ್ಟುಕೊಳ್ಳಬೇಕು. ಚದರ ಮೀಟರಿಗೆ 50 ಕಿಲೊ ತೂಕವಿದ್ದರೆ ಒಂದು ಚೌಕಟ್ಟಿನ ಪಾಲು 6 ಟನ್. ಅದರ ಭಾರಕೇಂದ್ರ ಮುಂದಿನ ಪಿಲ್ಲರಿನಿಂದ 10 ಮೀಟರ್ ದೂರ. ಹಿಂದಿನ ಪಿಲ್ಲರು 5 ಮೀಟರ್ ಹಿಂದೆ. ಆಗ ಹಿಂದಿನ ಪಿಲ್ಲರನ್ನು 12 ಟನ್ ಬಲ ಮೇಲಕ್ಕೆಳೆಯುತ್ತದೆ, ಮುಂದಿನದರ ಮೇಲೆ 18 ಟನ್ ಕೂರುತ್ತದೆ. ಅಂದರೆ 6 ಟನ್ ಚಾವಣಿಗೆ ಮೂರು ಪಟ್ಟು ಭಾರ ಒಂದು ಬುನಾದಿಯಲ್ಲಿ, ಕಿತ್ತುಬರುವ ಸೆಳೆತ ಇನ್ನೊಂದರಲ್ಲಿ. ಆ ಸೆಳೆತವನ್ನು ತೂಕದಿಂದಲೇ ತಡೆಯುವುದಾದರೆ 5 ಘನ ಮೀಟರ್ ಕಾಂಕ್ರೀಟ್ ಬೇಕು.

ಗಾಳಿ ಬೀಸಿದಾಗ ಲೆಕ್ಕ ತಿರುಗಿಬೀಳುತ್ತದೆ. ಬೆಂಗಳೂರಿಗೆ ಸಂಹಿತೆ ಹೇಳುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅದರ ಒತ್ತಡ ಚದರ ಮೀಟರಿಗೆ ಸುಮಾರು 65 ಕಿಲೊ. ತೆರೆದ ಚಾವಣಿಯ ಕೆಳಗಿನ ನೂಕೂ ಮೇಲಿನ ಹೀರಿಕೆಯೂ ಸೇರಿ ಅದು 100 ಕಿಲೊ ಮುಟ್ಟಿದರೆ, ಚಾವಣಿಯ 6 ಟನ್ ತೂಕ ಕಳೆದ ಮೇಲೂ 6 ಟನ್ ಮೇಲ್ಮುಖವಾಗಿ ಉಳಿಯುತ್ತದೆ. ಈಗ ಹಿಂದಿನ ಪಿಲ್ಲರು ಅದುಮಿಸಿಕೊಳ್ಳುತ್ತದೆ, ಮುಂದಿನದು 18 ಟನ್ ಸೆಳೆತಕ್ಕೆ ಸಿಗುತ್ತದೆ. ಒಂದೇ ಬುನಾದಿ ಒಮ್ಮೆ ಒತ್ತುವುದನ್ನೂ ಒಮ್ಮೆ ಎಳೆಯುವುದನ್ನೂ ತಾಳಬೇಕು. ಮೆಟ್ಟಿಲುಗಳ ಸ್ವಂತ ತೂಕವನ್ನು ಮುಂದಿನ ಪಿಲ್ಲರಿಗೆ ಕಟ್ಟಿಹಾಕುವುದು ಇದಕ್ಕೆ ಒಳ್ಳೆಯ ಉಪಾಯ. ವಿನ್ಯಾಸದ ಜಾಣತನ ಇರುವುದು ಇಲ್ಲಿ.

ವಾಸ್ತುಶಿಲ್ಪ ವಿಮರ್ಶಕರು ಎಡವುವುದೂ ಇಲ್ಲೇ. ಅಹಮದಾಬಾದಿನ ನವರಂಗಪುರದಲ್ಲಿರುವ 1960ರ ದಶಕದ ಸರ್ದಾರ್ ಪಟೇಲ್ ಕ್ರೀಡಾಂಗಣದ ಮಡಿಕೆ ಮಡಿಕೆಯಾದ ಕಾಂಕ್ರೀಟ್ ಚಾವಣಿಯನ್ನು ಅವರು ಶಿಲ್ಪದಂತೆ ನೋಡುತ್ತಾರೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಹೆಸರು ಮೊದಲು ಬರುತ್ತದೆ, ಎಂಜಿನಿಯರ್ ಮಹೇಂದ್ರ ರಾಜ್ ಹೆಸರು ಆಮೇಲೆ. ಆ ಮಡಿಕೆ ಅಲಂಕಾರವಲ್ಲ. ತೆಳು ಕಾಂಕ್ರೀಟಿಗೆ ಬಾಗದ ಆಳ ಕೊಡುವ ಅಂಗ. ರೂಪ ಮೊದಲು, ಲೆಕ್ಕ ಆಮೇಲೆ ಎನ್ನುವವರು ಕಟ್ಟಡದ ಅರ್ಧವನ್ನಷ್ಟೇ ಓದಿದ್ದಾರೆ. ಚಾವಣಿ ಪ್ರೇಕ್ಷಕರಿಗೆ ನೆರಳನ್ನೂ ಅಡ್ಡಿಯಿಲ್ಲದ ನೋಟವನ್ನೂ ಕೊಡುತ್ತದೆ ಎಂಬುದು ನಿಜ. ಆದರೆ ಅದರ ಬೆಲೆ ತೆರುವುದು ಹಿಂದಿನ ಪಿಲ್ಲರು.

ಅಡ್ಡ ಹೊರೆಯೂ ಹೀಗೆಯೇ ಕಡೆಗಣನೆಗೆ ಒಳಗಾಗಿದೆ. ಜನ ಒಟ್ಟಿಗೆ ಎದ್ದು ಓಲಾಡಿದಾಗ ನೂಕು ಪಕ್ಕಕ್ಕೆ ಹೋಗುತ್ತದೆ. 1902ರಲ್ಲಿ ಗ್ಲಾಸ್ಗೋದ ಐಬ್ರಾಕ್ಸಿನಲ್ಲಿ ಮರದ ಮೆಟ್ಟಿಲು ಮುರಿದು 25 ಜನ ಸತ್ತರು. 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಾಪೇಟೆಯ ಕಬಡ್ಡಿ ಪಂದ್ಯದಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಚಳ್ಳಕೆರೆ ಸೀಮೆಯ ಪರಶುರಾಂಪುರದಂಥ ಹೋಬಳಿ ಊರಿನಲ್ಲಿ ಪಂದ್ಯಕ್ಕೆಂದು ಸರ್ವೆ ಕಂಬ, ಹಲಗೆ ಸೇರಿಸಿ ಗ್ಯಾಲರಿ ಕಟ್ಟಿದರೂ ಹೊರೆಯ ದಾರಿ ಬದಲಾಗುವುದಿಲ್ಲ. ನೆಟ್ಟಗಿನ ಕಂಬ ತೂಕ ಹೊರಬಲ್ಲದು. ಓಲಾಟ ತಡೆಯಲು ಕಂಬದಿಂದ ಕಂಬಕ್ಕೆ ಓರೆಯಾಗಿ ಬಿಗಿದ ಅಡ್ಡಪಟ್ಟಿಗಳು ಬೇಕೇ ಬೇಕು.

ಕೊನೆಯ ಮಾತು ಮಣ್ಣಿನದು. ಚಳ್ಳಕೆರೆ ಸೀಮೆಯಲ್ಲಿ ಕೆಂಪು ಮಣ್ಣೂ ಇದೆ, ಎರೆ ಭೂಮಿಯೂ ಇದೆ. ಗಟ್ಟಿ ಕೆಂಪು ನೆಲದಲ್ಲಿ ಸಾಧಾರಣ ಫುಟಿಂಗ್ ಸಾಕಾದೀತು. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಆ ಪದರ ದಾಟಿ ಕೆಳಗೆ ಬುಡ ಉಬ್ಬಿಸಿದ ಪೈಲು ಇಳಿಸಬೇಕು. ಆ ಉಬ್ಬಿದ ಬುಡವೇ ಮೇಲೆಳೆಯುವ ಬಲವನ್ನೂ ಹಿಡಿದು ನಿಲ್ಲಿಸುತ್ತದೆ. ಕ್ರೀಡಾಂಗಣದ ಗುಣ ಅಳೆಯುವ ವಿಮರ್ಶೆ ಈ ಆಳದವರೆಗೆ ಇಳಿಯಬೇಕು. ಚಾವಣಿಯ ತುದಿಗೆ ನಿಂತುಬಿಟ್ಟರೆ ಅದು ಅಪೂರ್ಣ.