ತೂತುಬಿದ್ದ ಏಂಜೆಲ್: ನಾಣ್ಯವೋ, ತಾಯಿತವೋ?

ಇಂಗ್ಲೆಂಡಿನ ಏಂಜೆಲ್ ಎಂಬ ಚಿನ್ನದ ನಾಣ್ಯದಲ್ಲಿ ತೂತು ಕಂಡೊಡನೆ ನಾಣ್ಯಸಂಗ್ರಾಹಕರು ಅದನ್ನು ಕೆಟ್ಟ ಪ್ರತಿಯೆಂದು ಬೆಲೆಯಿಳಿಸುತ್ತಾರೆ. ಜಾನಪದ ಅಧ್ಯಯನಕ್ಕೆ ಈ ಮಾನದಂಡ ಒಪ್ಪತಕ್ಕದ್ದಲ್ಲ. 1465ರಲ್ಲಿ ನಾಲ್ಕನೆಯ ಎಡ್ವರ್ಡನು ಜಾರಿಗೆ ತಂದ ಈ ನಾಣ್ಯದ ಒಂದು ಮುಖದಲ್ಲಿ ಘಟಸರ್ಪವನ್ನು ಇರಿಯುತ್ತಿರುವ ಸಂತ ಮೈಕೇಲನೂ ಇನ್ನೊಂದರಲ್ಲಿ ಶಿಲುಬೆಯೇ ಹಾಯಿಕಂಬವಾದ ಹಡಗೂ ಇವೆ. ರಾಜಸ್ಪರ್ಶದಿಂದ ಗಂಡಮಾಲೆ ವಾಸಿಯಾಗುವುದೆಂಬ ನಂಬಿಕೆಯಿದ್ದ ಕಾಲದಲ್ಲಿ ರೋಗಿಯ ಕೊರಳಿಗೆ ಬೀಳುತ್ತಿದ್ದುದು ಇದೇ ನಾಣ್ಯ. ತೂತು ದಾರ ಪೋಣಿಸಲೆಂದು ಕೊರೆದದ್ದು. ಆಭರಣಕ್ಕಾಗಿ ಕೊರೆದವೂ ಇರಬಹುದು, ಆದರೆ ಆ ಸಂದೇಹವೇ ಅಧ್ಯಯನಕ್ಕೆ ವಸ್ತುವಾಗಬೇಕಿತ್ತು.

ಅಂಚಿನ ಬರಹವೂ ಗಮನಾರ್ಹ. ಮೇರಿ ಮತ್ತು ಎಲಿಜಬೆತ್ ರಾಣಿಯರ ಏಂಜೆಲ್‌ಗಳಲ್ಲಿದ್ದ ಕೀರ್ತನೆಯ ಸಾಲು ಇದು ದೇವರ ಕಾರ್ಯ, ನಮ್ಮ ಕಣ್ಣಿಗೆ ಅದ್ಭುತ ಎಂಬರ್ಥದ್ದು. ಪವಾಡದ ಬಗ್ಗೆ ಅಳುಕಿದ್ದ ಒಂದನೆಯ ಜೇಮ್ಸನ ಕಾಲದಲ್ಲಿ ‘ಅದ್ಭುತ’ದ ಭಾಗ ಕಾಣೆಯಾಯಿತು, ಆಚರಣೆ ಮಾತ್ರ ನಿಲ್ಲಲಿಲ್ಲ. ಒಂದನೆಯ ಚಾರ್ಲ್ಸನೊಂದಿಗೆ ಏಂಜೆಲ್ ಚಲಾವಣೆಯ ಹಣವಾಗಿ ಕೊನೆಗೊಂಡಿತು. ಎರಡನೆಯ ಚಾರ್ಲ್ಸನು 1663ರಿಂದ ಯಂತ್ರದಲ್ಲಿ ಗಿನಿ ಟಂಕಿಸಿದನಾದರೂ ರೋಗಿಗಳಿಗೆಂದೇ ಹಳೆಯ ದೇವದೂತ-ಹಡಗಿನ ಪದಕಗಳನ್ನು ಮಾಡಿಸಿದನು. 1712ರಲ್ಲಿ ಆನ್ ರಾಣಿಯಿಂದ ಬಾಲಕ ಸ್ಯಾಮ್ಯುಯೆಲ್ ಜಾನ್ಸನ್ ಪಡೆದ ಅಂಥದೊಂದು ಪದಕ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೂ ತೂತಿದೆ.